ಗರ್ಭಿಣಿಯರು ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಮಗುವಿಗೆ ಆಟಿಸಂ ಬರುತ್ತದೆಯೇ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಪ್ಯಾರಾಸಿಟಮಾಲ್‌ಗೂ ಆಟಿಸಂಗೂ ನಂಟಿದೆ, ಗರ್ಭಿಣಿಯರು ಅದನ್ನು ಸೇವಿಸಬಾರದು ಎಂದರು. ಇಂಥ ಮಾತು ಫಾರ್ವರ್ಡ್ ಆಗಿ ಮೊಬೈಲ್‌ಗೆ ಬಂದರೆ ಗರ್ಭಿಣಿಗೆ ಭಯ. ಆಟಿಸಂ ಇರುವ ಮಗುವಿನ ತಾಯಿಗೆ, 'ನಾನು ನುಂಗಿದ ಮಾತ್ರೆಯಿಂದಲೇ ಹೀಗಾಯಿತೇ?' ಎಂಬ ಕೊರಗು.

ಅಧ್ಯಯನಗಳು ಏನು ಹೇಳುತ್ತವೆ?

ಸ್ವೀಡನ್‌ನ ಸುಮಾರು 24.8 ಲಕ್ಷ ಮಕ್ಕಳ ಮಾಹಿತಿ ಆಧರಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮೊದಲ ಹೋಲಿಕೆಯಲ್ಲಿ, ತಾಯಿ ಈ ಮಾತ್ರೆ ಸೇವಿಸಿದ್ದ ಮಕ್ಕಳಲ್ಲಿ ಆಟಿಸಂ ತುಸು ಹೆಚ್ಚು ಕಂಡಿತು. ಆದರೆ ಒಂದೇ ತಾಯಿಯ ಮಕ್ಕಳನ್ನು, ಒಂದು ಬಸಿರಿನಲ್ಲಿ ಮಾತ್ರೆ ಸೇವಿಸಿ ಇನ್ನೊಂದರಲ್ಲಿ ಸೇವಿಸದಿದ್ದಾಗ ಹುಟ್ಟಿದವರನ್ನು, ಹೋಲಿಸಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ವ್ಯತ್ಯಾಸಕ್ಕೆ ಮಾತ್ರೆಗಿಂತ ಕುಟುಂಬದ ವಂಶವಾಹಿ, ತಾಯಿಯ ಆರೋಗ್ಯದಂಥ ಅಂಶಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ಅಪಾಯ ಹೆಚ್ಚಿಸುವ ಅಂಶಗಳು ಯಾವುವು?

ಆಟಿಸಂಗೆ ಒಂದೇ ಕಾರಣವಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು. ತಂದೆ ಅಥವಾ ತಾಯಿಯ ವಯಸ್ಸು ಹೆಚ್ಚಿರುವುದು, ಅವಧಿಗೆ ತೀರಾ ಮುಂಚೆ ಹೆರಿಗೆಯಾಗುವುದು, ಗರ್ಭಿಣಿಗೆ ರುಬೆಲ್ಲಾ ಸೋಂಕು ತಗಲುವುದು ಇವೂ ಪಟ್ಟಿಯಲ್ಲಿವೆ. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್ ಔಷಧಿಯಿಂದಲೂ ಅಪಾಯ ಹೆಚ್ಚುತ್ತದೆ. ಹಾಗೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಗರ್ಭ ಧರಿಸುವ ಯೋಚನೆ ಇದ್ದಾಗಲೇ ವೈದ್ಯರ ಬಳಿ ಮಾತನಾಡಿ.

ಗರ್ಭಿಣಿ ಏನು ಮಾಡಬಹುದು?

• ಜ್ವರ ಬಂದರೆ ಸಹಿಸಿಕೊಂಡು ಕೂರಬೇಡಿ. ಹೆಚ್ಚು ಜ್ವರವೇ ಮಗುವಿಗೆ ತೊಂದರೆ ಮಾಡಬಹುದು. ವೈದ್ಯರು ಹೇಳಿದಷ್ಟು ಪ್ರಮಾಣದಲ್ಲಿ, ಅಗತ್ಯವಿದ್ದಷ್ಟೇ ದಿನ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಬೇರೆ ನೋವಿನ ಮಾತ್ರೆಗಳನ್ನು ಕೇಳದೆ ನುಂಗಬೇಡಿ.
• ಗರ್ಭ ಧರಿಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಸೇವಿಸಿ. ಇದು ಮಗುವಿನ ಮೆದುಳು, ಬೆನ್ನುಹುರಿಯ ಹುಟ್ಟು ದೋಷಗಳನ್ನು ತಡೆಯಲು ನೆರವಾಗುತ್ತದೆ.
• ರುಬೆಲ್ಲಾ ಲಸಿಕೆಯನ್ನು ಗರ್ಭ ಧರಿಸುವ ಮೊದಲೇ ಹಾಕಿಸಿಕೊಳ್ಳಬೇಕು, ಬಸಿರಿನಲ್ಲಿ ಅಲ್ಲ.
• ಮದ್ಯ, ತಂಬಾಕು ಬೇಡ. ಸಕ್ಕರೆ, ಬಿಪಿ ತಪಾಸಣೆ ತಪ್ಪಿಸಬೇಡಿ.

ಇವೆಲ್ಲ ತಾಯಿ, ಮಗುವಿನ ಆರೋಗ್ಯಕ್ಕೆ ಒಳ್ಳೆಯದು. ಆದರೆ ಇಷ್ಟು ಮಾಡಿದರೆ ಆಟಿಸಂ ಬರುವುದೇ ಇಲ್ಲ ಎಂಬ ಖಾತರಿ ಇಲ್ಲ. ಬಂದರೆ ಅದು ತಾಯಿಯ ತಪ್ಪೂ ಅಲ್ಲ.

ನೆನಪಿಡಿ

1940ರ ದಶಕದ ನಂತರ ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುತ್ತದೆ ಎಂದು ವೈದ್ಯರೇ ನಂಬಿದ್ದ ಕಾಲವಿತ್ತು. 1998ರಲ್ಲಿ ಎಂಎಂಆರ್ ಲಸಿಕೆಯ ಮೇಲೆ ದೂರು ಬಂತು. ಆ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಈಗ ಸರದಿ ಜ್ವರದ ಮಾತ್ರೆಯದ್ದು. ಮುಂದಿನ ಫಾರ್ವರ್ಡ್ ಕಳಿಸುವ ಮುನ್ನ, ಅದನ್ನು ಓದುವ ತಾಯಿಯನ್ನೊಮ್ಮೆ ನೆನೆಯಿರಿ.