ಹದಿನಾರರ ಹುಡುಗ, ಆರು ವರ್ಷದ ಅಲೆದಾಟ

ನಾರ್ವೆಯ ಫುಟ್‌ಬಾಲಿಗ ಮಾರ್ಟಿನ್ ಓಡೆಗಾರ್ಡ್ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದ್ದು 2015ರ ಜನವರಿ 22ರಂದು. ಹದಿನಾರು ತುಂಬಿ ಐದು ವಾರವಷ್ಟೇ ಕಳೆದಿತ್ತು. ಅದಕ್ಕೂ ಮೊದಲೇ ಯುರೋಪಿನ ದೊಡ್ಡ ಕ್ಲಬ್ಬುಗಳು ಅವನ ಹಿಂದೆ ಬಿದ್ದಿದ್ದವು. ಬಯರ್ನ್ ಮ್ಯೂನಿಕ್, ಆರ್ಸೆನಲ್‌ನಂಥ ಕಡೆಗೆಲ್ಲ ಹೋಗಿ ಅಭ್ಯಾಸ ಮಾಡಿ ಬಂದಿದ್ದ. ಆದರೆ ಯಾರೂ ಸಹಿ ಹಾಕಿಸಿಕೊಂಡಿರಲಿಲ್ಲ. ಹಾಕಿಸಿಕೊಳ್ಳಲು ಬರುತ್ತಲೂ ಇರಲಿಲ್ಲ.

ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಕೊಂಡೊಯ್ಯುವುದನ್ನು ಫಿಫಾದ ವರ್ಗಾವಣೆ ನಿಯಮಾವಳಿಯ 19ನೇ ವಿಧಿ ತಡೆಯುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಐರೋಪ್ಯ ಆರ್ಥಿಕ ವಲಯದ ಒಳಗೆ ಹದಿನಾರು ತುಂಬಿದವರು ಹೋಗಬಹುದು ಎಂಬುದು ಅವುಗಳಲ್ಲೊಂದು. ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಈ ವಲಯದಲ್ಲಿದೆ. ಹಾಗಾಗಿ 2014ರ ಡಿಸೆಂಬರ್ 17ರ ಹುಟ್ಟುಹಬ್ಬಕ್ಕೆ ಎಲ್ಲರೂ ಕಾದರು. ಅದರ ಬೆನ್ನಿಗೇ ಜನವರಿಯ ವರ್ಗಾವಣೆ ಕಾಲವೂ ಶುರುವಾಯಿತು. ಇದೇ ವಿಧಿಯನ್ನು ಮುರಿದದ್ದಕ್ಕಾಗಿ 2016ರಲ್ಲಿ ಇದೇ ಮ್ಯಾಡ್ರಿಡ್ ಮೇಲೆ ಫಿಫಾ ವರ್ಗಾವಣೆ ನಿಷೇಧ ಹೇರಿತು, ಆದರೆ ಅದು ಬೇರೆ ಹುಡುಗರ ಪ್ರಕರಣಗಳಲ್ಲಿ.

ಹುಡುಗನ ಊರು ಡ್ರಾಮೆನ್, ಓಸ್ಲೋದಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್. ಅಪ್ಪ ಹಾನ್ಸ್ ಎರಿಕ್ ಕೂಡ ಫುಟ್‌ಬಾಲಿಗನೇ. ಮಗ ಮೊದಲು ಸೇರಿದ್ದು ಡ್ರಾಮೆನ್ ಸ್ಟ್ರಾಂಗ್ ಎಂಬ ಪುಟ್ಟ ಕ್ಲಬ್ಬನ್ನು. ಅದರ ಅಂಗಳದಲ್ಲಿದ್ದದ್ದು ಬರೀ ಜಲ್ಲಿ. ಅದನ್ನು ತೆಗೆಸಿ ಕೃತಕ ಹುಲ್ಲು ಹಾಸಲು ಕೆಲವು ಪೋಷಕರು ತಲಾ 50 ಸಾವಿರ ಕ್ರೋನರ್ ಕೊಟ್ಟರು. ಅವರಲ್ಲಿ ಓಡೆಗಾರ್ಡ್‌ನ ಅಪ್ಪನೂ ಒಬ್ಬ. ಆಮೇಲೆ ಹುಡುಗ ಊರಿನ ದೊಡ್ಡ ಕ್ಲಬ್ ಸ್ಟ್ರೋಮ್ಸ್‌ಗೋಡ್‌ಸೆಟ್ ಸೇರಿದ. 2014ರ ಏಪ್ರಿಲ್ 13ರಂದು, 15 ವರ್ಷ 117 ದಿನದ ಪ್ರಾಯದಲ್ಲಿ ನಾರ್ವೆಯ ಅಗ್ರ ಲೀಗಿಗೆ ಇಳಿದ. ಆ ಲೀಗಿನಲ್ಲಿ ಅಷ್ಟು ಚಿಕ್ಕವರು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ನಮ್ಮಲ್ಲಿ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸು ಅದು. ಅದೇ ಆಗಸ್ಟಿನಲ್ಲಿ ರಾಷ್ಟ್ರೀಯ ತಂಡಕ್ಕೂ ಆಡಿದ.

ಅವನಲ್ಲಿ ಜನ ಕಂಡದ್ದೇನು? ವೇಗವಲ್ಲ, ಮೈಕಟ್ಟಂತೂ ಅಲ್ಲ. ಚೆಂಡು ಕಾಲಿಗೆ ಬರುವ ಮೊದಲು ಅವನ ಕತ್ತನ್ನು ಗಮನಿಸಬೇಕು. ಎಡಭುಜದ ಮೇಲಿಂದ ಒಮ್ಮೆ, ಬಲಭುಜದ ಮೇಲಿಂದ ಒಮ್ಮೆ, ಮತ್ತೆ ಎಡಕ್ಕೆ. ಎದುರಾಳಿ ಎಲ್ಲಿದ್ದಾನೆ, ತನ್ನವರು ಎತ್ತ ಓಡುತ್ತಿದ್ದಾರೆ ಎಂಬ ಲೆಕ್ಕ ಆಗಲೇ ಮುಗಿದಿರುತ್ತದೆ. ಮೈ ಅರ್ಧ ತಿರುಗಿ ನಿಂತಿರುತ್ತದೆ, ಎಡಗಾಲಿನ ಮೊದಲ ಸ್ಪರ್ಶದಲ್ಲೇ ಚೆಂಡು ಬಿಡುವಿರುವ ಕಡೆಗೆ ಸರಿಯುತ್ತದೆ. ಟಿವಿಯಲ್ಲಿ ಚೆಂಡನ್ನೇ ಹಿಂಬಾಲಿಸುವ ಕಣ್ಣಿಗೆ ಇದು ಬೀಳುವುದಿಲ್ಲ. ಆದರೆ ಇಂಥ ಆಟಕ್ಕೆ ತನ್ನನ್ನು ನಂಬಿ ಚೆಂಡು ಕೊಡುವ ಸಹ ಆಟಗಾರರು ಬೇಕು. ವಾರ ವಾರ ಒಟ್ಟಿಗೆ ಆಡದೆ ಆ ನಂಬಿಕೆ ಬೆಳೆಯುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಅವನಿಗೆ ಸಿಗದೇ ಹೋದದ್ದು ಇದೇ.

ಸ್ಪೇನ್‌ನಲ್ಲಿ ದೊಡ್ಡ ಕ್ಲಬ್ಬುಗಳ ಎರಡನೇ ತಂಡಗಳೂ ಉಳಿದ ಕ್ಲಬ್ಬುಗಳ ಜೊತೆ ಲೀಗ್ ಶ್ರೇಣಿಯಲ್ಲೇ ಆಡುತ್ತವೆ. ಹಿರಿಯರ ತಂಡವಿರುವ ಶ್ರೇಣಿಗೆ ಮಾತ್ರ ಏರುವಂತಿಲ್ಲ. ಮ್ಯಾಡ್ರಿಡ್‌ನ ಎರಡನೇ ತಂಡ ಕಾಸ್ಟಿಯಾ ಆಗ ಮೂರನೇ ದರ್ಜೆಯಲ್ಲಿತ್ತು. ಎಂಬತ್ತು ತಂಡಗಳನ್ನು ನಾಲ್ಕು ಗುಂಪು ಮಾಡಿ ಆಡಿಸುತ್ತಿದ್ದ ದರ್ಜೆ ಅದು. ಕೋಚ್ ಜಿನೆದಿನ್ ಜಿದಾನ್. ಓಡೆಗಾರ್ಡ್ ಅಭ್ಯಾಸ ಮಾಡುತ್ತಿದ್ದದ್ದು ಮೊದಲ ತಂಡದ ಜೊತೆ, ರೊನಾಲ್ಡೊ, ಮೋಡ್ರಿಚ್, ಕ್ರೂಸ್ ನಡುವೆ. ಪಂದ್ಯ ಆಡುತ್ತಿದ್ದದ್ದು ಕಾಸ್ಟಿಯಾಗೆ. ಕೇಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆನಿಸುತ್ತದೆ. ಆದರೆ ಮೊದಲ ತಂಡಕ್ಕೆ ಅವನು ಬಂದುಹೋಗುವ ಹುಡುಗ. ಕಾಸ್ಟಿಯಾದವರಿಗೆ ವಾರವೆಲ್ಲ ಕಾಣದೆ ಪಂದ್ಯದ ದಿನ ಬಂದು ಜಾಗ ಹಿಡಿಯುವವನು. ಎರಡೂ ಕಡೆ ತಾನು ಹೊರಗಿನವನಂತಿದ್ದೆ ಎಂದು ಅವನೇ ಮುಂದೆ ಬರೆದುಕೊಂಡ.

ಮೊದಲ ತಂಡಕ್ಕೆ 2015ರ ಮೇ 23ರಂದು ಇಳಿದ. ಗೆಟಾಫೆ ಎದುರು, ರೊನಾಲ್ಡೊ ಹೊರನಡೆದಾಗ ಅವರ ಜಾಗಕ್ಕೆ. ಮ್ಯಾಡ್ರಿಡ್‌ಗೆ ಆಡಿದ ಅತಿ ಕಿರಿಯ ಎಂಬ ದಾಖಲೆಯಾಯಿತು. ಫೋಟೋಗೆ ಇದಕ್ಕಿಂತ ಇನ್ನೇನು ಬೇಕು! ಆಗಿನ ಕೋಚ್ ಕಾರ್ಲೊ ಆಂಚೆಲೊಟ್ಟಿ ತಮ್ಮ ಪುಸ್ತಕದಲ್ಲಿ ಈ ಖರೀದಿಯನ್ನು ಪ್ರಚಾರದ ಕಸರತ್ತೆಂಬಂತೆ ಬಣ್ಣಿಸಿದ್ದಾರೆ. ಹುಡುಗನ ತಪ್ಪೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಪಂದ್ಯಗಳು, ಸಿಕ್ಕಿದ್ದು ಪ್ರಚಾರ.

2017ರ ಜನವರಿಯಲ್ಲಿ ಮ್ಯಾಡ್ರಿಡ್ ಅವನನ್ನು ನೆದರ್ಲೆಂಡ್ಸ್‌ನ ಹೀರೆನ್‌ವೀನ್ ಕ್ಲಬ್ಬಿಗೆ ಹದಿನೆಂಟು ತಿಂಗಳ ಮಟ್ಟಿಗೆ ಲೋನ್ ಮೇಲೆ ಕಳಿಸಿತು. ಸರ್ಕಾರಿ ನೌಕರರ ನಿಯೋಜನೆಯಂಥದೇ ಇದು: ಮೂಲ ಇಲಾಖೆ ಒಂದು, ಕೆಲಸ ಮಾಡುವ ಜಾಗ ಇನ್ನೊಂದು, ಸಂಬಳ ಯಾರು ಎಷ್ಟು ಕೊಡಬೇಕೆಂಬುದು ಒಪ್ಪಂದದ ವಿಷಯ. ಲೋನ್ ಎಂದರೆ ಹಿಂಬಡ್ತಿ ಎಂದೇ ಬಹಳ ಮಂದಿ ಓದಿಕೊಂಡರು. ‘ಮುಗಿದ ಕತೆ’ ಎಂಬ ಧಾಟಿಯ ಬರಹಗಳೂ ಬಂದವು. ಹದಿನೆಂಟರ ಹುಡುಗನ ಬಗ್ಗೆ!

ಹೀರೆನ್‌ವೀನ್‌ನಲ್ಲಿ ಗೋಲುಗಳು ಬೆರಳೆಣಿಕೆಯಷ್ಟು. ಅಂಕಿಅಂಶ ನೋಡಿದವರಿಗೆ ನಿರಾಶೆ ಸಹಜ. ನನಗೆ ಮಾತ್ರ ಮುಖ್ಯವೆನಿಸುವುದು ಆ ಪಟ್ಟಿಯ ಇನ್ನೊಂದು ಕಾಲಂ, ಆಡಿದ ಪಂದ್ಯಗಳದ್ದು. ಮ್ಯಾಡ್ರಿಡ್ ಸೇರಿದ ಮೇಲೆ ಮೊದಲ ಬಾರಿಗೆ ಅವನು ಒಂದೇ ತಂಡದ ಜೊತೆ ಅಭ್ಯಾಸ ಮಾಡಿ, ಅದೇ ತಂಡಕ್ಕೆ ವಾರ ವಾರ ಆಡಿದ. ಫಲ ಕಂಡದ್ದು ಮುಂದಿನ ಲೋನ್‌ನಲ್ಲಿ, 2018–19ರಲ್ಲಿ ಆರ್ನೆಮ್‌ನ ವಿಟೆಸ್ ಕ್ಲಬ್ಬಿಗೆ ಹೋದಾಗ. ಲೀಗ್‌ನಲ್ಲಿ ಎಂಟು ಗೋಲು ಹೊಡೆದ, ಅದಕ್ಕಿಂತ ಹೆಚ್ಚು ಗೋಲುಗಳಿಗೆ ಪಾಸ್ ಕೊಟ್ಟ.

ಮೂರನೆಯ ಲೋನ್ ಸ್ಪೇನ್‌ಗೇ, ಸಾನ್ ಸೆಬಾಸ್ಟಿಯನ್‌ನ ರಿಯಲ್ ಸೊಸಿಯೆಡಾಡ್‌ಗೆ. ಕೋಚ್ ಇಮನೋಲ್ ಆಲ್ಗ್ವಾಸಿಲ್ ಅವನನ್ನು ಮಿಡ್‌ಫೀಲ್ಡ್‌ನ ನಡುವೆ ಆಡಿಸಿದರು. 2020ರ ಫೆಬ್ರವರಿ 6ರಂದು ಸ್ಪೇನ್‌ನ ಕಪ್ ಟೂರ್ನಿ ಕೋಪಾ ಡೆಲ್ ರೇಯ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಿಗಿದ್ದದ್ದು ಮ್ಯಾಡ್ರಿಡ್, ಅದೂ ಅದರದೇ ಬೆರ್ನಬಿಯು ಮೈದಾನದಲ್ಲಿ. ಮೊದಲ ಗೋಲು ಓಡೆಗಾರ್ಡ್‌ದು. ಸೊಸಿಯೆಡಾಡ್ 4–3ರಿಂದ ಗೆದ್ದಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಾದರೆ ಲೋನ್ ಮೇಲಿದ್ದವನು ಮೂಲ ಕ್ಲಬ್ಬಿನ ಎದುರು ಆಡುವಂತಿಲ್ಲ. ಮುಂದೆ ಕೋವಿಡ್‌ನಿಂದಾಗಿ ಫೈನಲ್ 2021ರ ಏಪ್ರಿಲ್‌ಗೆ ಹೋಯಿತು, ಕಪ್ ಸೊಸಿಯೆಡಾಡ್‌ಗೇ ಬಂತು. ಅಷ್ಟರಲ್ಲಿ ಓಡೆಗಾರ್ಡ್ ಅಲ್ಲಿರಲಿಲ್ಲ. 2020ರ ಬೇಸಿಗೆಯಲ್ಲೇ ಮ್ಯಾಡ್ರಿಡ್ ಅವನನ್ನು ಹಿಂದಕ್ಕೆ ಕರೆಸಿಕೊಂಡು, ಲೀಗ್‌ನ ಏಳು ಪಂದ್ಯಗಳಲ್ಲಷ್ಟೇ ಆಡಿಸಿ, ಜನವರಿಯಲ್ಲಿ ಆರ್ಸೆನಲ್‌ಗೆ ಲೋನ್ ಕೊಟ್ಟಿತ್ತು. ಸೊಸಿಯೆಡಾಡ್‌ನಲ್ಲೇ ಇನ್ನೊಂದು ವರ್ಷ ಬಿಟ್ಟಿದ್ದರೆ ಮೂವರಿಗೂ ಒಳ್ಳೆಯದಿತ್ತೆಂದು ನನಗನಿಸುತ್ತದೆ. ಆರ್ಸೆನಲ್ ಅಭಿಮಾನಿಗಳು ಒಪ್ಪಲಾರರು.

ಆರ್ಸೆನಲ್ ಅವನನ್ನು 2021ರ ಆಗಸ್ಟಿನಲ್ಲಿ ಖರೀದಿಸಿತು. ಸುಮಾರು 3 ಕೋಟಿ ಪೌಂಡ್‌ಗೆ ಎಂದು ವರದಿಯಾಗಿತ್ತು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಲೆಕ್ಕವಿದೆ. ಇಂಥ ಅಂತರರಾಷ್ಟ್ರೀಯ ವರ್ಗಾವಣೆಯ ಹಣದಲ್ಲಿ ಶೇ 5ರಷ್ಟನ್ನು ಆಟಗಾರನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮ ಹೇಳುತ್ತದೆ. ಹನ್ನೆರಡರಿಂದ ಹದಿನೈದರವರೆಗೆ ವರ್ಷಕ್ಕೆ ಒಟ್ಟು ಮೊತ್ತದ ಶೇ 0.25, ಆಮೇಲೆ ಇಪ್ಪತ್ತಮೂರರವರೆಗೆ ವರ್ಷಕ್ಕೆ ಶೇ 0.5. ವರದಿಯಾದ ಮೊತ್ತವನ್ನೇ ಹಿಡಿದರೆ ಅವನ ಹದಿನೈದರವರೆಗಿನ ಒಂದೊಂದು ವರ್ಷಕ್ಕೂ ಸ್ಟ್ರೋಮ್ಸ್‌ಗೋಡ್‌ಸೆಟ್‌ನ ಪಾಲು ಸುಮಾರು 75 ಸಾವಿರ ಪೌಂಡ್. ಸಣ್ಣ ಕ್ಲಬ್ಬಿಗೆ ಅದು ದೊಡ್ಡ ದುಡ್ಡೇ. ಆದರೆ ಎಣಿಕೆ ಶುರುವಾಗುವುದು ಹನ್ನೆರಡರಿಂದ. ಡ್ರಾಮೆನ್ ಸ್ಟ್ರಾಂಗ್‌ನ ಆ ಹುಲ್ಲುಹಾಸಿನ ಮೇಲೆ ಕಳೆದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಲೋನ್ ಎಂದರೆ ಮದ್ದು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ ಹದಿನಾಲ್ಕಕ್ಕೇ ವೃತ್ತಿಪರ ಲೀಗ್ ಆಡಿದ, ಪೋರ್ಚುಗಲ್‌ನ ಬೆನ್ಫಿಕಾ ಸೇರಿದ, ಅಲ್ಲಿಂದ ಮೊನಾಕೊ, ಪೋರ್ಚುಗಲ್‌ನದೇ ಇನ್ನೊಂದು ಕ್ಲಬ್, ಗ್ರೀಸ್, ಟರ್ಕಿ ಎಂದು ಲೋನ್ ಮೇಲೆ ಅಲೆದ, ಎಲ್ಲೂ ಬೇರೂರಲಿಲ್ಲ. ಓಡೆಗಾರ್ಡ್‌ಗೆ ಮೂರು ಕಡೆ ಪೂರ್ತಿ ಸೀಸನ್ ಆಡುವ ಜಾಗ ಸಿಕ್ಕಿತು. ಒಂದಕ್ಕಿಂತ ಇನ್ನೊಂದು ಕಷ್ಟದ ಜಾಗ, ಅದೂ ಅದೇ ಕ್ರಮದಲ್ಲಿ. ಇದರಲ್ಲಿ ಯೋಜನೆ ಎಷ್ಟು, ಅದೃಷ್ಟ ಎಷ್ಟು ಎಂದು ಮ್ಯಾಡ್ರಿಡ್‌ನವರೇ ಹೇಳಬೇಕು.

2022ರ ಜುಲೈನಲ್ಲಿ ಫಿಫಾ ಲೋನ್‌ಗಳಿಗೆ ಮಿತಿ ಹಾಕಿತು. ಒಂದು ಲೋನ್ ಒಂದು ವರ್ಷ ಮೀರುವಂತಿಲ್ಲ. ಕ್ಲಬ್ ಹೊರದೇಶಗಳಿಗೆ ಕಳಿಸಬಹುದಾದ ಆಟಗಾರರ ಸಂಖ್ಯೆ ಎಂಟರಿಂದ ಹಂತಹಂತವಾಗಿ ಆರಕ್ಕೆ ಇಳಿದಿದೆ. ಹೀರೆನ್‌ವೀನ್‌ನಂಥ ಹದಿನೆಂಟು ತಿಂಗಳ ಒಪ್ಪಂದ ಈಗ ಒಂದೇ ಏಟಿಗೆ ಸಾಧ್ಯವಿಲ್ಲ. ಆದರೆ ಇಪ್ಪತ್ತೊಂದು ಮತ್ತು ಅದಕ್ಕಿಂತ ಕಿರಿಯರು ಈ ಸಂಖ್ಯೆಯ ಲೆಕ್ಕದಿಂದ ಹೊರಗೆ. ಎಷ್ಟು ಹುಡುಗರನ್ನಾದರೂ ಕೊಂಡು ಎತ್ತಲಾದರೂ ಕಳಿಸುವ ದಾರಿ ದೊಡ್ಡ ಕ್ಲಬ್ಬುಗಳಿಗೆ ತೆರೆದೇ ಇದೆ. ಕಳಿಸಿದ ಹುಡುಗ ಅಲ್ಲಿ ಇಂತಿಷ್ಟು ನಿಮಿಷವಾದರೂ ಆಡಿರಬೇಕು, ಇಲ್ಲವಾದರೆ ಮುಂದಿನ ವರ್ಷ ಆ ಕ್ಲಬ್ಬಿಗೆ ಯಾರನ್ನೂ ಕಳಿಸುವಂತಿಲ್ಲ ಎಂಬ ಒಂದು ಷರತ್ತನ್ನು ಫಿಫಾ ಆ ವಿನಾಯಿತಿಗೆ ಸೇರಿಸಬಹುದು.