ಅಂಗಳದ ದೀಪಕ್ಕೆ 12 ವೋಲ್ಟ್

ಗೋಣಿಕೊಪ್ಪಲಿನ ಕಡೆ ಮಳೆ ಹಿಡಿಯಿತೆಂದರೆ ಅಂಗಳದ ನೆಲ ತಿಂಗಳುಗಟ್ಟಲೆ ಆರುವುದಿಲ್ಲ. ಮಕ್ಕಳು ಬರಿಗಾಲಲ್ಲಿ ಓಡಾಡುವ ಇಂಥ ಜಾಗದಲ್ಲಿ, ಹೂಗಿಡಗಳ ನಡುವೆ ದೀಪ ಹಾಕಿಸುವವರು 12 ವೋಲ್ಟಿನದನ್ನೇ ಆರಿಸುವುದು ಜಾಣತನ. ಗುದ್ದಲಿ ತಗುಲಿ ತಂತಿ ಕತ್ತರಿಸಿದರೂ ಆಘಾತದ ಭಯ ತೀರಾ ಕಡಿಮೆ.

ಆದರೆ ಈ 12 ವೋಲ್ಟ್ ಹುಟ್ಟುವುದು ಮನೆಯ 230 ವೋಲ್ಟಿನಿಂದಲೇ ತಾನೆ? ಅದನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಸೋರುವ ಸೂರಿನ ಕೆಳಗಿದ್ದರೆ ಜಾಣತನವೆಲ್ಲ ನೀರುಪಾಲು. ಆದ್ದರಿಂದ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರಿಗೇ ಒಪ್ಪಿಸಿ. ಪತ್ರ ತೋರಿಸಿ ಎನ್ನಲು ಸಂಕೋಚ ಬೇಡ. ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚನ್ನೂ ಕೇಳಿ ಹಾಕಿಸಿ.

ಹತ್ತನೇ ತರಗತಿಯವರಿಗೆ ಇಲ್ಲೊಂದು ಲೆಕ್ಕವಿದೆ. 60 ವಾಟ್ ದೀಪಗಳಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. 20 ಮೀಟರ್ ದೂರದ ಗೇಟಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ, ಹೋಗಿಬರುವ ದಾರಿಯ ರೋಧ ಸುಮಾರು ಅರ್ಧ ಓಮ್. 5 ಆಂಪಿಯರ್ ಹರಿದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಖರ್ಚು! ಮೆಟ್ಟಿಲ ಬಳಿ ಬೆಳಕು, ಗೇಟಿನಲ್ಲಿ ಮಂಕು. ದಪ್ಪ ತಂತಿ ತನ್ನಿ ಎಂದ ಕೆಲಸಗಾರನನ್ನು ಶಂಕಿಸುವ ಮೊದಲು, ಮನೆಯ ಮಕ್ಕಳಿಂದ ಈ ಲೆಕ್ಕ ಮಾಡಿಸಿ ನೋಡಿ.