ರೋಗಿಗೆ ತಿಳಿಯುವ ಮಾತು

ಗಡಿನಾಡ ಕನ್ನಡಿಗರ ಭಾಷಾ ಹಕ್ಕೆಂದೊಡನೆ ನಮಗೆ ನೆನಪಾಗುವುದು ಶಾಲೆ, ಕಚೇರಿ ಮತ್ತು ನೌಕರಿ. ರೋಗಿಯ ಮಂಚದ ಬಳಿಯೂ ಆ ಹಕ್ಕಿಗೆ ಎಡೆಯಿರಬೇಕೆಂಬುದನ್ನು ನಾವು ಮರೆತಿದ್ದೇವೆ.

ನಮ್ಮ ನೆರೆಮನೆಯ ಅಜ್ಜಿಗೆ ಕ್ಯಾನ್ಸರ್ ಎಂದು ತಿಳಿದ ದಿನ, ಆಸ್ಪತ್ರೆಗೆ ಜತೆಗೆ ಹೋದವರಲ್ಲಿ ಮಲೆಯಾಳ ಚೆನ್ನಾಗಿ ಬಲ್ಲವನು ಒಂಬತ್ತನೆಯ ತರಗತಿಯ ಮೊಮ್ಮಗನೊಬ್ಬನೇ. ವೈದ್ಯರು ಸೌಜನ್ಯದಿಂದಲೇ ಹತ್ತು ನಿಮಿಷ ವಿವರಿಸಿದರು. ಹುಡುಗ ಹೇಳಿದ್ದು ಎರಡೇ ಮಾತು: "ಏನೂ ಇಲ್ಲವಂತೆ ಅಜ್ಜೀ, ಮದ್ದು ಕೊಡುತ್ತಾರಂತೆ." ಅವನನ್ನು ದೂರುವಂತಿಲ್ಲ. ಹಿರಿಯರೇ ಆಡಲಾರದ ಮಾತನ್ನು ಎಳೆಯ ನಾಲಗೆಗೆ ಹೊರಿಸಿದ್ದು ನಮ್ಮ ತಪ್ಪು. ಒಪ್ಪಿಗೆ ಪತ್ರಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನಿತ್ತೆಂದು ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಅವಕಾಶವಿತ್ತಿದೆ. ಅರ್ಜಿಗೆ ಸಲ್ಲುವ ಭಾಷೆ ಒಪ್ಪಿಗೆ ಪತ್ರಕ್ಕೇಕೆ ಸಲ್ಲಬಾರದು? 2008ರಲ್ಲಿ ಸಾಂತ್ವನ ಚಿಕಿತ್ಸಾ ನೀತಿಯನ್ನು ಘೋಷಿಸಿ, ಪಂಚಾಯತುಗಳ ಮೂಲಕ ದಾದಿಯರನ್ನು ರೋಗಿಯ ಮನೆಗೇ ಕಳುಹಿಸುವ ರಾಜ್ಯ ನಮ್ಮದು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಿಗೆ ಬರುವ ದಾದಿಗೆ ಕನ್ನಡವೋ ತುಳುವೋ ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ. "ನೋವು ಹತ್ತರಲ್ಲಿ ಎಷ್ಟು?" ಎಂದರೆ ಅಜ್ಜಿಯಂಥವರು ಸುಮ್ಮನಾಗುತ್ತಾರೆ. "ರಾತ್ರಿ ನಿದ್ದೆ ಬಂತೇ? ಗಂಜಿ ಇಳಿಯಿತೇ?" ಎಂದರೆ ಎಲ್ಲವನ್ನೂ ಹೇಳುತ್ತಾರೆ. ನೋವಿನ ಅಳತೆ ತಪ್ಪಿದರೆ ಮದ್ದಿನ ಅಳತೆಯೂ ತಪ್ಪುತ್ತದೆ.

ಆದರೆ ದೋಷವೆಲ್ಲ ಪರಭಾಷೆಯದೆಂದು ಕೈತೊಳೆದುಕೊಳ್ಳುವಂತಿಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕನ್ನಡ, ತುಳು ಬಲ್ಲವರಿಗೆ ಕೊರತೆಯಿಲ್ಲ. ಅಲ್ಲಿಯೂ ನಾವು ವೈದ್ಯರನ್ನು ಬಾಗಿಲ ಹೊರಗೆ ಕರೆದು, "ಅವರಿಗೆ ಹೇಳಬೇಡಿ ಡಾಕ್ಟ್ರೇ" ಎನ್ನುತ್ತೇವೆ. ಮನೆಗೆ ಬಂದು ಲೋಟ, ಬಟ್ಟಲು ಬೇರೆ ಇಡುತ್ತೇವೆ. ಕ್ಯಾನ್ಸರ್ ಅಂಟುರೋಗವಲ್ಲ; ರೋಗಿಯನ್ನು ಮುಟ್ಟಿದರೆ, ಜತೆಗೆ ಉಂಡರೆ ಅದು ಹರಡುವುದಿಲ್ಲ. ಬೇರೆಯಿಟ್ಟ ಆ ಲೋಟವೇ ರೋಗಿಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಆಮೇಲೆ ತಿಳಿದದ್ದನ್ನು ಆಡಿಕೊಳ್ಳಲು ಅವರಿಗೆ ಯಾರೂ ಇರುವುದಿಲ್ಲ.

ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದು ನನ್ನ ವಾದವಲ್ಲ. ಕೆಲವರಿಗೆ ತಿಳಿಯುವುದು ಬೇಡ. ಮಗನಿಗೋ ಮಗಳಿಗೋ ಹೇಳಿದರೆ ಸಾಕು. ಆದರೆ ಅದನ್ನು ನಿರ್ಧರಿಸಬೇಕಾದವರು ಅವರೇ. "ನಿಮಗೆ ಎಷ್ಟು ಗೊತ್ತಾಗಬೇಕು?" ಎಂದು ಒಮ್ಮೆ ಕೇಳೋಣ.

ಆಸ್ಪತ್ರೆಯಿಂದ ಕನ್ನಡವನ್ನು ಕೇಳುವ ನಾವು ಮೊದಲು ನಮ್ಮ ಮನೆಯಲ್ಲಿ ರೋಗಿಯೊಡನೆ ಕನ್ನಡದಲ್ಲಿ ನಿಜವಾಡಲು ಕಲಿಯಬೇಕು. ಎರಡೂ ಒಟ್ಟಿಗೆ ಆಗಬೇಕಾದ ಕೆಲಸ.